ಹಳೆಯ ವಿದ್ಯಾರ್ಥಿಗಳ ಸಂಘ ಮತ್ತು ದೇಣಿಗೆಯ ಲೆಕ್ಕ

ಕರ್ನಾಟಕದ ಪದವಿ ಕಾಲೇಜುಗಳ ಪೈಕಿ ಹಳೆಯ ವಿದ್ಯಾರ್ಥಿಗಳ ಸಂಘವಿಲ್ಲದ ಕಾಲೇಜು ಇಂದು ವಿರಳ. ಆದರೆ ತನ್ನಲ್ಲಿ ಓದಿ ಹೋದವರು ಯಾರು, ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದನ್ನು ಹೇಳಬಲ್ಲ ಸಂಘ ಅದಕ್ಕಿಂತಲೂ ವಿರಳ. ಇದರ ಕಾರಣ ಈ ಸಂಘಗಳಲ್ಲಿ ಬಹಳಷ್ಟು ಹುಟ್ಟಿದ ಸಂದರ್ಭದಲ್ಲಿಯೇ ಇದೆ. 1994ರಲ್ಲಿ ಸ್ಥಾಪನೆಗೊಂಡು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿ, ಅಂದರೆ ಕಾಲೇಜುಗಳ ಗುಣಮಟ್ಟವನ್ನು ಅಳೆದು ಶ್ರೇಣಿ ಕೊಡುವ ನ್ಯಾಕ್ ಸಂಸ್ಥೆ, ಏಳು ಮಾನದಂಡಗಳ ಚೌಕಟ್ಟೊಂದನ್ನು ಬಳಕೆಗೆ ತಂದಿತು. ಅದರ ಐದನೆಯ ಮಾನದಂಡದ ಒಳಗೆ 5.4 ಎಂಬ ಅಂಶವಿದ್ದು, ಹಳೆಯ ವಿದ್ಯಾರ್ಥಿಗಳ ಸಂಘ ನೋಂದಣಿಯಾಗಿದೆಯೇ, ಅದು ಕಾಲೇಜಿಗೆ ಎಷ್ಟು ನೆರವು ನೀಡಿದೆ ಎಂಬ ವಿವರವನ್ನು ಕೇಳುತ್ತದೆ. ಕೇಳುವುದು ಸರಿಯಾಗಿಯೇ ಇದೆ. ಆದರೆ ತಜ್ಞರ ತಂಡ ಭೇಟಿ ಕೊಡುವ ವರ್ಷದಲ್ಲಿ ಅವಸರದಿಂದ ಸಭೆ ಕರೆದು, ಪದಾಧಿಕಾರಿಗಳನ್ನು ಆರಿಸಿ, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿಸಿ, ಛಾಯಾಚಿತ್ರ ತೆಗೆದಿಟ್ಟು, ಶ್ರೇಣಿ ಬಂದ ಮೇಲೆ ಮುಂದಿನ ಸುತ್ತಿನವರೆಗೆ ಸಂಘವನ್ನು ಮರೆಯುವ ರೂಢಿ ಅನೇಕ ಕಡೆ ಬೆಳೆದುಬಿಟ್ಟಿದೆ. ಹೀಗೆ ಕಾಗದದ ಮೇಲೆ ಮಾತ್ರ ಬದುಕುವ ಸಂಘ ದೇಣಿಗೆ ಕೇಳಿದಾಗ ಹಣ ಬರುವುದಿಲ್ಲ. ಬಾರದೆ ಇರುವುದಕ್ಕೆ ಹಳೆಯ ವಿದ್ಯಾರ್ಥಿಗಳ ಉದಾಸೀನವನ್ನು ದೂರುವುದು ನ್ಯಾಯವೂ ಅಲ್ಲ.

ಸಂಘವೊಂದರ ಆರೋಗ್ಯವನ್ನು ಅಳೆಯಬೇಕಾದದ್ದು ವರ್ಷದಲ್ಲಿ ಎಷ್ಟು ಲಕ್ಷ ಸಂಗ್ರಹವಾಯಿತು ಎಂಬುದರಿಂದಲ್ಲ, ಎಷ್ಟು ಮಂದಿ ಕೊಟ್ಟರು ಮತ್ತು ಹಿಂದಿನ ವರ್ಷ ಕೊಟ್ಟವರಲ್ಲಿ ಎಷ್ಟು ಮಂದಿ ಮತ್ತೆ ಕೊಟ್ಟರು ಎಂಬುದರಿಂದ. ಒಬ್ಬ ಉದ್ಯಮಿಯ ಒಂದೇ ಚೆಕ್ಕಿನಿಂದ ಬಂದ ಹತ್ತು ಲಕ್ಷ ರೂಪಾಯಿ ಆ ವ್ಯಕ್ತಿಯ ಔದಾರ್ಯವನ್ನು ತೋರಿಸುತ್ತದೆ. ಸಾವಿರ ಮಂದಿಯಿಂದ ಬಂದ ಅದೇ ಮೊತ್ತ ಕಾಲೇಜಿನ ಮೇಲಿನ ವಿಶ್ವಾಸವನ್ನು ತೋರಿಸುತ್ತದೆ. ಮೊದಲನೆಯದು ಮುಂದಿನ ವರ್ಷ ಬರಬಹುದು, ಬಾರದೆಯೂ ಇರಬಹುದು. ಎರಡನೆಯದು ಸಂಘ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವವರೆಗೆ ನಿಲ್ಲುವುದಿಲ್ಲ.

ವಿದ್ಯೆಗಾಗಿ ಹಲವರು ಸೇರಿ ಸ್ವಲ್ಪ ಸ್ವಲ್ಪ ಕೊಡುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ದೊರೆತ, ಕ್ರಿ.ಶ. 945ರ ರಾಷ್ಟ್ರಕೂಟರ ಕಾಲದ ಶಾಸನವು, ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ದೊರೆತ ದತ್ತಿಗಳನ್ನು ವಿವರಿಸುತ್ತದೆ. ಅಧ್ಯಾಪಕನ ಜೀವನಕ್ಕೆ ಮತ್ತು ದೀಪದ ಎಣ್ಣೆಗೆ ಭೂಮಿಯನ್ನು ಬಿಟ್ಟುಕೊಟ್ಟದ್ದಲ್ಲದೆ, ಊರಿನವರು ತಮ್ಮ ಮನೆಯಲ್ಲಿ ಮದುವೆ ನಡೆದಾಗ ಐದು ನಾಣ್ಯ, ಉಪನಯನಕ್ಕೆ ಎರಡೂವರೆ ನಾಣ್ಯ, ಚೌಲಕ್ಕೆ ಒಂದೂಕಾಲು ನಾಣ್ಯವನ್ನು ಶಾಲೆಗೆ ಸಲ್ಲಿಸಬೇಕೆಂದು ಗೊತ್ತುಮಾಡಿದ್ದರು. ಈ ಏರ್ಪಾಡಿನಲ್ಲಿ ಗಮನಿಸಬೇಕಾದ ಜಾಣ್ಮೆಯಿದೆ: ಮೊತ್ತ ಚಿಕ್ಕದು ಮತ್ತು ನಿಗದಿಯಾದದ್ದು, ಕೇಳುವ ಸಮಯ ಮನೆಯಲ್ಲಿ ಸಂತೋಷ ತುಂಬಿರುವ ಸಮಯ, ಕೊಡುವವರು ಎಲ್ಲರೂ. ಇನ್ನೊಂದು ಬಗೆಯ ಕೊಡುಗೆಗೆ ಸಿರಸಂಗಿಯ ಲಿಂಗರಾಜ ದೇಸಾಯಿಯವರು ನಿದರ್ಶನ. ಮಕ್ಕಳಿಲ್ಲದ ಆ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲು ಉಯಿಲು ಬರೆದು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಆ ಕಾಲೇಜನ್ನು ನಡೆಸುವ ಕೆಎಲ್‌ಇ ಸಂಸ್ಥೆ 1916ರಲ್ಲಿ ಏಳು ಮಂದಿ ಶಿಕ್ಷಕರಿಂದ ಆರಂಭವಾದದ್ದು. ದೊಡ್ಡ ದತ್ತಿ, ಚಿಕ್ಕ ವಂತಿಗೆ, ಶಿಕ್ಷಕರ ಶ್ರಮ, ಈ ಮೂರೂ ಕೂಡಿಕೊಂಡಲ್ಲಿ ಸಂಸ್ಥೆಗಳು ನಿಂತವು.

ಓದಿದವರೇ ಓದಿದ ಸಂಸ್ಥೆಗೆ ವರ್ಷವರ್ಷವೂ ಕೊಡುವ ಕ್ರಮವನ್ನು ಒಂದು ವ್ಯವಸ್ಥೆಯಾಗಿ ಬೆಳೆಸಿದ್ದು ಅಮೆರಿಕದ ಕಾಲೇಜುಗಳು. ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್ ಕಾಲೇಜಿನಲ್ಲಿ 1821ರಲ್ಲಿಯೇ ಹಳೆಯ ವಿದ್ಯಾರ್ಥಿಗಳ ಸಂಘ ಹುಟ್ಟಿತು. 1890ರಲ್ಲಿ ಯೇಲ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ವಾರ್ಷಿಕ ನಿಧಿಯೊಂದನ್ನು ಆರಂಭಿಸಿದರು. ವಾರ್ಷಿಕ ನಿಧಿಯೆಂದರೆ ಕಟ್ಟಡ, ಪ್ರಯೋಗಾಲಯ ಮುಂತಾದ ಒಂದು ದೊಡ್ಡ ಕೆಲಸಕ್ಕಾಗಿ ಒಮ್ಮೆ ಎತ್ತುವ ಹಣವಲ್ಲ; ಪ್ರತಿ ವರ್ಷ ಕೇಳಿ, ಪ್ರತಿ ವರ್ಷ ಖರ್ಚು ಮಾಡಿ, ಲೆಕ್ಕ ಒಪ್ಪಿಸಿ, ಮತ್ತೆ ಕೇಳುವ ನಿಧಿ. ಪ್ರತಿ ತಂಡದಿಂದ, ಅಂದರೆ ಒಂದೇ ವರ್ಷ ಪದವಿ ಪಡೆದವರ ಗುಂಪಿನಿಂದ, ಒಬ್ಬ ಪ್ರತಿನಿಧಿಯನ್ನು ಗೊತ್ತುಮಾಡಿ, ತನ್ನ ಸಹಪಾಠಿಗಳನ್ನು ಕೇಳುವ ಹೊಣೆಯನ್ನು ಆತನಿಗೆ ಒಪ್ಪಿಸುವ ಪದ್ಧತಿಯೂ ಅಲ್ಲಿ ಬೇರೂರಿತು. ಅಂಥ ಕಾಲೇಜುಗಳು ಸಂಗ್ರಹದ ಮೊತ್ತದ ಜೊತೆಗೆ, ಬದುಕಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಎಷ್ಟು ಮಂದಿ ಆ ವರ್ಷ ಕೊಟ್ಟರು ಎಂಬ ಪ್ರಮಾಣವನ್ನೂ ಪ್ರಕಟಿಸುತ್ತವೆ. ಐದು ಡಾಲರ್ ಕೊಟ್ಟವರೂ ಐವತ್ತು ಲಕ್ಷ ಡಾಲರ್ ಕೊಟ್ಟವರೂ ಈ ಎಣಿಕೆಯಲ್ಲಿ ಸಮಾನರು.

ಭಾರತದಲ್ಲಿ ಈ ಪದ್ಧತಿ ಚೆನ್ನಾಗಿ ನೆಲೆಯೂರಿರುವುದು ಐಐಟಿಗಳಲ್ಲಿ. 1973ರಲ್ಲಿ ಐಐಟಿ ಬಾಂಬೆ ಸೇರಿದ ನಂದನ್ ನಿಲೇಕಣಿಯವರು, ಆ ನಂಟಿಗೆ ಐವತ್ತು ವರ್ಷ ತುಂಬಿದ 2023ರಲ್ಲಿ, ಸಂಸ್ಥೆಗೆ 315 ಕೋಟಿ ರೂಪಾಯಿ ನೀಡಿದರು. ಅದಕ್ಕೂ ಮೊದಲು ಅವರು ಕೊಟ್ಟಿದ್ದ 85 ಕೋಟಿ ಸೇರಿ ಒಟ್ಟು ಮೊತ್ತ 400 ಕೋಟಿಯಾಯಿತು. ಪತ್ರಿಕೆಗಳಲ್ಲಿ ಮುಖ್ಯ ಸುದ್ದಿಯಾದದ್ದು ಕೊನೆಯ ಮೊತ್ತ. ಆದರೆ ಕಾಲೇಜು ನಡೆಸುವವರು ಓದಿಕೊಳ್ಳಬೇಕಾದದ್ದು ಅದರ ಹಿಂದಿನ ಕ್ರಮವನ್ನು: ಮೊದಲು ಕೊಟ್ಟ ಹಣ ಸದ್ವಿನಿಯೋಗವಾದುದನ್ನು ದಾನಿ ಹತ್ತಿರದಿಂದ ಕಂಡರು, ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಕುಳಿತು ಅದರ ಕೊರತೆಗಳನ್ನೂ ಅರಿತರು, ಹೀಗೆ ಬೆಳೆದ ವಿಶ್ವಾಸದ ತುದಿಯಲ್ಲಿ ದೊಡ್ಡ ಕೊಡುಗೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಸಂಸ್ಥೆಯ 1998ರ ತಂಡ ತನ್ನ ಬೆಳ್ಳಿಹಬ್ಬದ ಸಮ್ಮಿಲನದಲ್ಲಿ 57 ಕೋಟಿ ರೂಪಾಯಿಯ ವಾಗ್ದಾನವನ್ನು ಪ್ರಕಟಿಸಿತು. ಇದರಲ್ಲಿ ಭಾಗಿಯಾದವರು ಇನ್ನೂರಕ್ಕೂ ಹೆಚ್ಚು ಮಂದಿ. ಸಂಘ ನಡೆಸುವವರಿಗೆ ನಿಲೇಕಣಿಯವರ ಕೊಡುಗೆಗಿಂತ ಈ ಎರಡನೆಯ ಪ್ರಸಂಗವೇ ಹೆಚ್ಚು ಕಲಿಸುತ್ತದೆ. ಇಪ್ಪತ್ತೈದನೆಯ ವರ್ಷವೆಂಬುದು, ಓದಿದವರು ನಲವತ್ತೈದರ ಆಸುಪಾಸಿನಲ್ಲಿದ್ದು, ಕೈಯಲ್ಲಿ ಒಂದಿಷ್ಟು ಉಳಿಕೆಯೂ ಮನಸ್ಸಿನಲ್ಲಿ ಹಿಂದಿನ ದಿನಗಳ ಹಂಬಲವೂ ಇರುವ ಕಾಲ. ಆ ಕಾಲವನ್ನು ಮೊದಲೇ ಗೊತ್ತುಮಾಡಿಟ್ಟುಕೊಂಡು, ತಂಡದ ಒಳಗಿನವರೇ ತಮ್ಮವರನ್ನು ಕೇಳುವಂತೆ ಏರ್ಪಡಿಸಿದರೆ ಕೇಳುವವರಿಗೂ ಕೊಡುವವರಿಗೂ ಸಂಕೋಚವಿರುವುದಿಲ್ಲ. ವಾಗ್ದಾನವೆಂದರೆ ಕೊಡುತ್ತೇವೆಂಬ ಮಾತು ಮಾತ್ರ, ಕೈಸೇರಿದ ಹಣವಲ್ಲ ಎಂಬುದನ್ನು ಸಂಘದ ಖಜಾಂಚಿ ಸದಾ ನೆನಪಿನಲ್ಲಿಡಬೇಕು. ಎರಡನ್ನೂ ಒಂದೇ ಕಲಮಿನಲ್ಲಿ ಬರೆದ ಲೆಕ್ಕಪುಸ್ತಕ ಮುಂದೆ ಎಲ್ಲರನ್ನೂ ತಲೆತಗ್ಗಿಸುವಂತೆ ಮಾಡುತ್ತದೆ.

ಆದರೂ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರ ಸರಕಾರಿ ಪ್ರಥಮ ದರ್ಜೆ ಕಾಲೇಜಿಗೆ ಐಐಟಿಯ ಮಾದರಿಯನ್ನು ಹಾಗೆಯೇ ಹೊದಿಸಲಾಗದು. ಅಲ್ಲಿ ಓದಿದವರು ಪ್ರಾಥಮಿಕ ಶಾಲೆಯ ಶಿಕ್ಷಕಿಯರು, ಪೊಲೀಸ್ ಸಿಬ್ಬಂದಿ, ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳು, ಸಹಕಾರಿ ಬ್ಯಾಂಕಿನ ಗುಮಾಸ್ತರು, ವಕೀಲರು, ಅಂಗಡಿಯವರು, ಕೃಷಿಕರು, ಬೆಂಗಳೂರಿನ ಕಂಪನಿಗಳ ನೌಕರರು. ಇವರಲ್ಲಿ ಕೋಟಿ ಕೊಡುವವರು ಸಿಗುವುದು ಕಷ್ಟ. ತಿಂಗಳಿಗೆ ನೂರು ರೂಪಾಯಿ ಕೊಡಬಲ್ಲವರು ಧಾರಾಳವಾಗಿ ಸಿಗುತ್ತಾರೆ. ನಲವತ್ತು ವರ್ಷಗಳಿಂದ ವರ್ಷಕ್ಕೆ ಇನ್ನೂರು ಪದವೀಧರರನ್ನು ಹೊರಕಳುಹಿಸಿದ ಕಾಲೇಜೊಂದನ್ನು ಊಹಿಸಿಕೊಂಡರೆ ಅದರ ಹಳೆಯ ವಿದ್ಯಾರ್ಥಿಗಳು ಎಂಟು ಸಾವಿರ. ಅವರಲ್ಲಿ ನೂರಕ್ಕೆ ಐದು ಮಂದಿ, ಅಂದರೆ ನಾನೂರು ಜನ, ತಿಂಗಳಿಗೆ ನೂರು ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ ನಾಲ್ಕು ಲಕ್ಷ ಎಂಬತ್ತು ಸಾವಿರ ರೂಪಾಯಿಯಾಗುತ್ತದೆ. ನೂರಕ್ಕೆ ಆರೂವರೆಯ ಬಡ್ಡಿದರದಲ್ಲಿ ಇಷ್ಟೇ ಹಣ ವರ್ಷವೂ ಬಡ್ಡಿಯಾಗಿ ಬರಬೇಕಿದ್ದರೆ ಬ್ಯಾಂಕಿನಲ್ಲಿ ಸುಮಾರು 74 ಲಕ್ಷ ರೂಪಾಯಿಯ ಠೇವಣಿ ಇರಬೇಕಾಗುತ್ತದೆ. ನಾನೂರು ಮಂದಿಯ ಮಾಸಿಕ ನೂರು ರೂಪಾಯಿ 74 ಲಕ್ಷದ ಠೇವಣಿಗೆ ಸಮ ಎಂಬ ಈ ಲೆಕ್ಕವನ್ನು ದೊಡ್ಡ ದಾನಿಗಾಗಿ ಕಾಯುತ್ತ ಕುಳಿತಿರುವ ಪ್ರತಿಯೊಂದು ಸಂಘವೂ ಒಮ್ಮೆ ಹಾಕಿ ನೋಡಬೇಕು.

ದಿನದಿನದ ಚಿಕ್ಕ ಹಣವನ್ನು ಕ್ರಮವಾಗಿ ಸಂಗ್ರಹಿಸುವ ವಿದ್ಯೆಯನ್ನು ಕರಾವಳಿಯವರು ಸುಮಾರು ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದರು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಯೋಜನೆಯಲ್ಲಿ ಬ್ಯಾಂಕಿನ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಉಳಿತಾಯವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಆಗ ಏಜೆಂಟರು ಮಾಡಿದ್ದನ್ನು ಈಗ ಮೊಬೈಲ್ ಫೋನ್ ಮಾಡುತ್ತದೆ. ರಾಷ್ಟ್ರೀಯ ಪಾವತಿ ನಿಗಮವು 2020ರಲ್ಲಿ ತಂದ ಯುಪಿಐ ಆಟೋಪೇ ಸೌಲಭ್ಯದಲ್ಲಿ, ಖಾತೆದಾರರು ಒಮ್ಮೆ ಒಪ್ಪಿಗೆ ಕೊಟ್ಟರೆ ಪ್ರತಿ ತಿಂಗಳು ಗೊತ್ತಾದ ದಿನ ಗೊತ್ತಾದ ಮೊತ್ತ ತಾನಾಗಿ ಸಂದಾಯವಾಗುತ್ತದೆ. ಬೇಡವೆನಿಸಿದ ದಿನ ಅವರೇ ಅದನ್ನು ನಿಲ್ಲಿಸಬಹುದು. ನೂರು ರೂಪಾಯಿ ಪಡೆಯಲು ನೂರು ರೂಪಾಯಿ ಖರ್ಚಾಗುತ್ತಿದ್ದ ಕಾಲ ಕಳೆದಿದೆ. ಹಣ ಪಡೆದವರು ಲೆಕ್ಕ ಬರೆದುಕೊಡುವ ಶಿಸ್ತು ಮಾತ್ರ ಆ ಏಜೆಂಟರ ಕಾಲದ್ದೇ ಉಳಿಯಬೇಕು.

ಇಷ್ಟಕ್ಕೂ ಮೊದಲು ಬೇಕಾದದ್ದು ಪಟ್ಟಿ. ಪ್ರತಿ ಕಾಲೇಜಿನಲ್ಲಿಯೂ ಪ್ರವೇಶ ದಾಖಲಾತಿ ಪುಸ್ತಕಗಳು, ವರ್ಗಾವಣೆ ಪತ್ರದ ಪ್ರತಿಗಳು, ವಾರ್ಷಿಕ ಸಂಚಿಕೆಗಳು ಇರುತ್ತವೆ. ಇವು ಬಹಳ ಕಡೆ ಕಪಾಟಿನ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ. ಈ ಪುಸ್ತಕಗಳಿಂದ ಹೆಸರು, ಊರು, ವಿಷಯ, ಪದವಿಯ ವರ್ಷಗಳನ್ನು ಕಂಪ್ಯೂಟರಿಗೆ ಇಳಿಸುವುದು ಒಂದೆರಡು ಬೇಸಿಗೆ ರಜೆಯಲ್ಲಿ, ಈಗಿನ ವಿದ್ಯಾರ್ಥಿಗಳಿಗೆ ಗೌರವಧನ ಕೊಟ್ಟು ಮಾಡಿಸಬಹುದಾದ ಕೆಲಸ. ಸಂಘವೊಂದು ಮೊದಲ ಹಣವನ್ನು ಖರ್ಚು ಮಾಡಬೇಕಾದದ್ದು ಇದಕ್ಕೇ ಹೊರತು ವೇದಿಕೆ, ಶಾಮಿಯಾನಗಳಿಗಲ್ಲ. ಹೆಸರುಗಳು ಸಿಕ್ಕ ಮೇಲೆ ಫೋನ್ ಸಂಖ್ಯೆಗಳನ್ನು ಹುಡುಕಬೇಕು. ಒಂದೊಂದು ತಂಡಕ್ಕೂ ಈಗ ವಾಟ್ಸ್‌ಆ್ಯಪ್ ಗುಂಪು ಇರುವುದು ಸಾಮಾನ್ಯ; ಆದರೆ ಆ ಗುಂಪುಗಳ ವಿಷಯ ಕಾಲೇಜಿಗೆ ಗೊತ್ತಿರುವುದಿಲ್ಲ, ಗುಂಪುಗಳಿಗೆ ಪರಸ್ಪರ ಪರಿಚಯವಿರುವುದಿಲ್ಲ. ಪ್ರತಿ ಗುಂಪಿನಿಂದ ಒಬ್ಬರನ್ನು ತಂಡದ ಪ್ರತಿನಿಧಿಯಾಗಿ ಗೊತ್ತುಮಾಡಿದರೆ ಇಡೀ ಜಾಲ ಒಂದು ಸೂತ್ರಕ್ಕೆ ಬರುತ್ತದೆ. ಪ್ರವೇಶದ ಕಾರಣಕ್ಕೆಂದು ಪಡೆದ ಫೋನ್ ಸಂಖ್ಯೆಯನ್ನು ದೇಣಿಗೆ ಕೇಳಲು ಬಳಸುವ ಮುನ್ನ ಆಯಾ ವ್ಯಕ್ತಿಯ ಒಪ್ಪಿಗೆ ಪಡೆಯುವುದು ಸೌಜನ್ಯವಷ್ಟೇ ಅಲ್ಲ. ಒಂದು ಉದ್ದೇಶಕ್ಕೆ ಪಡೆದ ವೈಯಕ್ತಿಕ ಮಾಹಿತಿಯನ್ನು ಇನ್ನೊಂದಕ್ಕೆ ಬಳಸಬಾರದೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಹೌದು.

ಪಟ್ಟಿಯಲ್ಲಿ ಅತಿ ಹೆಚ್ಚು ಕಳೆದುಹೋಗುವವರು ಮಹಿಳೆಯರು. ಮದುವೆಯ ನಂತರ ಊರು ಬದಲಾಗುತ್ತದೆ, ಹಲವರ ಹೆಸರಿನ ಜೊತೆಗಿನ ಮನೆತನದ ಹೆಸರು ಅಥವಾ ಮೊದಲಕ್ಷರ ಬದಲಾಗುತ್ತದೆ, ಫೋನ್ ಸಂಖ್ಯೆ ಬದಲಾಗುತ್ತದೆ. ಹೀಗಾಗಿ ತರಗತಿಯ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಇದ್ದ ವಿದ್ಯಾರ್ಥಿನಿಯರು ಸಂಘದ ಸಭೆಯಲ್ಲಿ ನಾಲ್ಕೈದು ಮಂದಿಯಾಗಿ ಕಾಣುತ್ತಾರೆ. ಕಾರ್ಯಕಾರಿ ಸಮಿತಿಯಲ್ಲಿ ಮಹಿಳೆಯರಿಗೆ ಸಮಪಾಲು ಕೊಟ್ಟು, ದಾಖಲೆಯಲ್ಲಿ ಓದುವಾಗಿನ ಹೆಸರು ಮತ್ತು ಈಗಿನ ಹೆಸರು ಎರಡನ್ನೂ ಬರೆದಿಟ್ಟು, ಸಂಜೆಯ ಬದಲು ಹಗಲಿನಲ್ಲಿ ಮಕ್ಕಳನ್ನೂ ಕರೆತರಬಹುದಾದ ಸಭೆಗಳನ್ನು ನಡೆಸದೆ ಈ ಕೊರತೆ ತುಂಬುವುದಿಲ್ಲ. ಗಂಡಸರ ಪಟ್ಟಿಯನ್ನೇ ಕಾಲೇಜಿನ ಪಟ್ಟಿಯೆಂದು ತಿಳಿದಿರುವ ಸಂಘ ತನ್ನ ಅರ್ಧ ಬಲವನ್ನು ತಾನೇ ಕೈಬಿಟ್ಟಂತೆ.

ಸಮ್ಮಿಲನಕ್ಕೆ ಕರ್ನಾಟಕದಲ್ಲಿ ಹೊರಗಿನ ಮಾದರಿ ಬೇಕಿಲ್ಲ. ಗುರುವಂದನೆ ಎಂಬ ಕಾರ್ಯಕ್ರಮ ಕಳೆದ ಎರಡು ದಶಕಗಳಲ್ಲಿ ಊರೂರುಗಳಲ್ಲಿ ತಾನಾಗಿಯೇ ಬೆಳೆದಿದೆ. ಒಂದು ತಂಡದವರು ಸೇರಿ, ತಮಗೆ ಕಲಿಸಿದವರನ್ನು ಕರೆಸಿ, ಶಾಲು ಹೊದಿಸಿ, ಹಣ್ಣುಕಾಣಿಕೆ ಕೊಟ್ಟು ಗೌರವಿಸುವ ಈ ಪದ್ಧತಿಯಲ್ಲಿ ಇರುವ ಭಾವ ಅಪ್ಪಟವಾದದ್ದು, ಅದಕ್ಕಾಗಿ ಜನ ಮನಸಾರೆ ಖರ್ಚನ್ನೂ ಮಾಡುತ್ತಾರೆ. ಕೊರತೆಯಿರುವುದು ಕಾರ್ಯಕ್ರಮದ ಮರುದಿನ. ಊಟ, ಧ್ವನಿವರ್ಧಕ, ಛಾಯಾಚಿತ್ರಗಳಿಗೆ ಸಂಗ್ರಹಿಸಿದ ಹಣದಲ್ಲಿ ಉಳಿದದ್ದು ಯಾರ ಬಳಿಯೋ ಉಳಿಯುತ್ತದೆ, ಬಂದವರ ವಿಳಾಸ ಕಾಲೇಜನ್ನು ಸೇರುವುದಿಲ್ಲ, ಆ ದಿನದ ಉತ್ಸಾಹ ಗುಂಪಿನಲ್ಲಿ ಶುಭಾಶಯ ಕಳುಹಿಸುವುದರಲ್ಲಿ ಕರಗುತ್ತದೆ. ಗುರುವಂದನೆಯ ಆಹ್ವಾನದಲ್ಲಿಯೇ, ಆ ಗುರುಗಳ ಹೆಸರಿನಲ್ಲಿ ಇಂಥ ಒಂದು ಕೆಲಸಕ್ಕೆ ತಂಡ ಇಷ್ಟು ವರ್ಷ ನೆರವಾಗಲಿದೆ ಎಂದು ಸೇರಿಸಿದರೆ, ಆ ಭಾವಕ್ಕೆ ಒಂದು ನೆಲೆ ಸಿಗುತ್ತದೆ. ತಮಗೆ ಪಾಠ ಹೇಳಿದ ಇಂಗ್ಲಿಷ್ ಮೇಷ್ಟ್ರ ಅಥವಾ ಗ್ರಂಥಪಾಲಕರ ಹೆಸರಿನಲ್ಲಿ ಹಣ ಕೇಳಿದಾಗ ಇಲ್ಲವೆನ್ನುವವರು ಕಡಿಮೆ. ಕಾಲೇಜಿನ ಸರ್ವಾಂಗೀಣ ಅಭಿವೃದ್ಧಿಗೆ ಎಂದು ಕೇಳಿದಾಗ ಯಾರ ಮನಸ್ಸೂ ಕರಗುವುದಿಲ್ಲ.

ಯಾವ ಕೆಲಸಕ್ಕೆ ಕೇಳಬೇಕು ಎಂಬುದು ಕೇಳುವ ರೀತಿಯಷ್ಟೇ ಮುಖ್ಯ. ಕಟ್ಟಡದ ಮೇಲೆ ಸಂಘಗಳಿಗಿರುವ ಮೋಹ ದೊಡ್ಡದು; ಆದರೆ ಸರಕಾರಿ ಕಾಲೇಜಿನ ನಿವೇಶನದಲ್ಲಿ ಏನನ್ನಾದರೂ ಕಟ್ಟಲು ಇಲಾಖೆಯ ಅನುಮತಿ ಬೇಕು, ಕಟ್ಟಿದ ಮೇಲೆ ಅದರ ಸುಣ್ಣಬಣ್ಣ, ದುರಸ್ತಿ ಯಾರದೆಂಬ ಪ್ರಶ್ನೆ ಏಳುತ್ತದೆ, ಕೆಲವೇ ವರ್ಷಗಳಲ್ಲಿ ದಾನಿಯ ಹೆಸರು ಸೋರುವ ಮಾಳಿಗೆಯ ಕೆಳಗೆ ಉಳಿಯುತ್ತದೆ. ಇದಕ್ಕಿಂತ ಬಸ್ ಪಾಸಿನ ಹಣ, ಪರೀಕ್ಷಾ ಶುಲ್ಕ, ದೂರದ ಹಳ್ಳಿಗಳಿಂದ ಬೆಳಿಗ್ಗೆಯೇ ಹೊರಟು ಬರುವ ವಿದ್ಯಾರ್ಥಿಗಳಿಗೆ ಮಧ್ಯಾಹ್ನದ ಊಟ, ಹಾಸ್ಟೆಲ್ ಸಿಗದವರ ಬಾಡಿಗೆಗೆ ನೆರವು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು, ಇಂಥ ಕೆಲಸಗಳಲ್ಲಿ ಕೊಟ್ಟ ಹಣ ಅದೇ ವರ್ಷ ಯಾರ ಓದು ನಿಲ್ಲದಂತೆ ಕಾಯಿತು ಎಂದು ತೋರಿಸಬಹುದು. ನೆರವು ಪಡೆದ ವಿದ್ಯಾರ್ಥಿಯನ್ನು ವೇದಿಕೆಗೆ ಕರೆದು ನಿಲ್ಲಿಸುವ ಚಾಳಿಯನ್ನು ಮಾತ್ರ ಸಂಘಗಳು ಬಿಡಬೇಕು. ದಾನಿಗೆ ವಿವರ ಸಲ್ಲುವುದು ಅಗತ್ಯ, ವಿದ್ಯಾರ್ಥಿಯ ಬಡತನ ಪ್ರದರ್ಶನವಾಗುವುದು ಅಗತ್ಯವಲ್ಲ.

ದತ್ತಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ದತ್ತಿನಿಧಿ ಅಥವಾ ಪುದುವಟ್ಟು ಎಂದರೆ ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ಮಾತ್ರ ಗೊತ್ತಾದ ಕೆಲಸ ನಡೆಸುವ ಏರ್ಪಾಡು. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಚಿನ್ನದ ಪದಕಕ್ಕೆ, ಉಪನ್ಯಾಸಕ್ಕೆ, ಬಹುಮಾನಕ್ಕೆ ಇಂಥ ದತ್ತಿಗಳು ಹೇರಳವಾಗಿವೆ. ತೊಂಬತ್ತರ ದಶಕದಲ್ಲಿ ಬ್ಯಾಂಕ್ ಬಡ್ಡಿ ನೂರಕ್ಕೆ ಹನ್ನೆರಡರ ಆಸುಪಾಸಿನಲ್ಲಿದ್ದಾಗ ಇಪ್ಪತ್ತೈದು ಸಾವಿರ ರೂಪಾಯಿಯ ದತ್ತಿಯಿಂದ ವರ್ಷಕ್ಕೆ ಮೂರು ಸಾವಿರ ಬರುತ್ತಿತ್ತು, ಆ ಹಣಕ್ಕೆ ಆರು ಗ್ರಾಂನಷ್ಟು ಚಿನ್ನ ಸಿಗುತ್ತಿತ್ತು. ಆರೂವರೆಯ ಬಡ್ಡಿಯಲ್ಲಿ ಅದೇ ದತ್ತಿಯಿಂದ ಈಗ ಬರುವುದು 1,625 ರೂಪಾಯಿ. ಅದಕ್ಕೆ ಕಾಲು ಗ್ರಾಂ ಚಿನ್ನವೂ ಬರುವುದಿಲ್ಲ. ದಾನಿಯ ಸದುದ್ದೇಶ ಪೂರ್ಣವಾಗಿ ಉಳಿದಿದ್ದರೂ ದತ್ತಿ ಸೊರಗಿದೆ. ಆದುದರಿಂದ ಹೊಸ ದತ್ತಿಯನ್ನು ಸ್ವೀಕರಿಸುವ ಸಂಘ, ಪ್ರತಿ ವರ್ಷದ ಬಡ್ಡಿಯಲ್ಲಿ ಒಂದು ಪಾಲನ್ನು ಮೂಲಧನಕ್ಕೆ ಮರಳಿ ಸೇರಿಸಬೇಕೆಂದೂ, ಉದ್ದೇಶ ಈಡೇರದಂತಾದಾಗ ಅದಕ್ಕೆ ಹತ್ತಿರದ ಬೇರೆ ಉದ್ದೇಶಕ್ಕೆ ಬಳಸಬಹುದೆಂದೂ ದತ್ತಿಪತ್ರದಲ್ಲಿಯೇ ಬರೆಸಿಕೊಳ್ಳಬೇಕು. ದಾನಿ ಬದುಕಿರುವಾಗ ಕೇಳಲು ಸಂಕೋಚಪಟ್ಟದ್ದನ್ನು ಆಮೇಲೆ ಕೇಳಲು ಯಾರೂ ಇರುವುದಿಲ್ಲ.

ಕಾನೂನಿನ ಸಂಗತಿಗಳು ಒಣಗಿದಂತೆ ಕಂಡರೂ ಅವುಗಳನ್ನು ಕಡೆಗಣಿಸಿದ ಸಂಘ ಬಹಳ ದಿನ ಬಾಳುವುದಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿಯಲ್ಲಿ ಕನಿಷ್ಠ ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಂಘಕ್ಕೆ ತನ್ನದೇ ಪ್ಯಾನ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆ ಇರಬೇಕು, ಆ ಖಾತೆ ಕಾಲೇಜಿನ ಖಾತೆಯೊಂದಿಗೆ ಬೆರೆಯಬಾರದು. ಪ್ರಾಂಶುಪಾಲರು ಸಂಘದಲ್ಲಿ ಇರುವುದು ಯೋಗ್ಯವೇ, ಆದರೆ ಅಧ್ಯಕ್ಷತೆ ಮತ್ತು ಚೆಕ್ಕಿನ ಸಹಿ ಹಳೆಯ ವಿದ್ಯಾರ್ಥಿಗಳ ಕೈಯಲ್ಲಿರುವುದು ಮೇಲು. ಸರಕಾರಿ ಕಾಲೇಜಿನ ಪ್ರಾಂಶುಪಾಲರು ವರ್ಗವಾಗಿ ಹೋದೊಡನೆ ಸಂಘವೂ ನಿಂತುಹೋಗುವುದು ಇದರಿಂದ ತಪ್ಪುತ್ತದೆ. ಸರಕಾರಿ ಕಾಲೇಜುಗಳಲ್ಲಿ ಸ್ಥಳೀಯ ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿಯೂ ಇರುತ್ತದೆ. ಅದರ ಕೆಲಸ ಬೇರೆ, ಸಂಘದ ಕೆಲಸ ಬೇರೆ ಎಂಬುದು ಎರಡೂ ಕಡೆಯವರಿಗೆ ಸ್ಪಷ್ಟವಿರಬೇಕು.

ತೆರಿಗೆ ರಿಯಾಯಿತಿಯ ಮಾತು ದೇಣಿಗೆಯ ಜೊತೆಗೆ ಬಂದೇ ಬರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ ಕಾಲದಿಂದ 80ಜಿ ಎಂದೇ ಹೆಸರಾಗಿರುವ ರಿಯಾಯಿತಿಯ ಪ್ರಕಾರ, ಮಾನ್ಯತೆ ಪಡೆದ ಸಂಘಕ್ಕೆ ಕೊಟ್ಟ ಹಣದ ಅರ್ಧದಷ್ಟನ್ನು, ಕೆಲವು ಮಿತಿಗಳಿಗೆ ಒಳಪಟ್ಟು, ದಾನಿಯ ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಲಾಗುತ್ತದೆ. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ನಗದಿಗೆ ಇದು ಅನ್ವಯಿಸುವುದಿಲ್ಲ. 2021–22ರ ಹಣಕಾಸು ವರ್ಷದಿಂದ ಸಂಘವೇ ದಾನಿಗಳ ವಿವರವನ್ನು ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ಇಲಾಖೆಯ ಜಾಲತಾಣದಿಂದ ಬರುವ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕಾಗಿದೆ. ಬರಿಯ ರಸೀದಿ ಸಾಲದು. ಕಡಿಮೆ ದರಗಳ ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ರಿಯಾಯಿತಿ ಇಲ್ಲವಾದ್ದರಿಂದ, ತೆರಿಗೆ ಉಳಿಯುತ್ತದೆಂಬ ಆಸೆಯನ್ನೇ ಮುಂದಿಟ್ಟು ಹಣ ಕೇಳುವ ಸಂಘಕ್ಕೆ ಮುಂದೆ ಹೇಳಲು ಏನೂ ಉಳಿಯುವುದಿಲ್ಲ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿಸಿದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆಗಳು ಬದಲಾಗುವುದರಿಂದ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಒಳಿತು.

ಹೊರದೇಶದಲ್ಲಿರುವ ಕನ್ನಡಿಗರಿಂದ ಹಣ ಪಡೆಯುವಾಗ ಸಂಘಗಳು ತಿಳಿಯದೆ ತಪ್ಪು ಮಾಡುವುದು ಹೆಚ್ಚು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ದುಬೈಯಲ್ಲೋ ಸಿಂಗಪುರದಲ್ಲೋ ದುಡಿಯುತ್ತಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣ ವಿದೇಶಿ ವಂತಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು, ಅವರ ಬಳಿ ಸಾಗರೋತ್ತರ ಭಾರತೀಯರ ಕಾರ್ಡ್ ಇದ್ದರೂ, ಹುಟ್ಟಿದ ಊರಿನ ಕಾಲೇಜಿಗೇ ಕೊಟ್ಟರೂ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ದೃಷ್ಟಿಯಲ್ಲಿ ವಿದೇಶಿ ಮೂಲವೇ. ಅಂಥ ಹಣವನ್ನು ಪಡೆಯಲು ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ನೋಂದಣಿಗೆ ಸಂಘ ಮೂರು ವರ್ಷ ಹಳೆಯದಾಗಿದ್ದು, ಆ ಅವಧಿಯಲ್ಲಿ ಕನಿಷ್ಠ ಹದಿನೈದು ಲಕ್ಷ ರೂಪಾಯಿಯನ್ನು ತನ್ನ ಮುಖ್ಯ ಕೆಲಸಗಳಿಗೆ ಖರ್ಚು ಮಾಡಿರಬೇಕು. ಹಣ ಮೊದಲು ಬರಬೇಕಾದದ್ದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ, ಹೀಗೆ ಬಂದ ಹಣವನ್ನು ಇನ್ನೊಂದು ಸಂಘಕ್ಕೆ ವರ್ಗಾಯಿಸುವಂತಿಲ್ಲ. ಒಬ್ಬ ಉತ್ಸಾಹಿ ಗೆಳೆಯ ಅಮೆರಿಕದಿಂದ ಕಳುಹಿಸಿದ ಐನೂರು ಡಾಲರನ್ನು ಸಾಮಾನ್ಯ ಖಾತೆಗೆ ಜಮೆ ಮಾಡಿಕೊಂಡರೂ ಕಾನೂನು ಮುರಿದಂತೆಯೇ ಆಗುತ್ತದೆ. ನೋಂದಣಿಯಿಲ್ಲದ ಚಿಕ್ಕ ಸಂಘಕ್ಕೆ ಅಂಥ ಗೆಳೆಯರಿಂದ ಹಣದ ಬದಲು ಆನ್‌ಲೈನ್ ಪಾಠ, ಉದ್ಯೋಗದ ಮಾರ್ಗದರ್ಶನಗಳನ್ನು ಕೇಳುವುದೇ ಕ್ಷೇಮ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಅಂದರೆ 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ, ಶಿಕ್ಷಣಕ್ಕೂ ಸಲ್ಲುತ್ತದೆ. ಅಂಥ ಕಂಪನಿಯಲ್ಲಿ ಹಿರಿಯ ಹುದ್ದೆಯಲ್ಲಿರುವ ಹಳೆಯ ವಿದ್ಯಾರ್ಥಿ ಬಾಗಿಲು ತೆರೆಯಬಲ್ಲರು. ಒಳಗೆ ಹೋದ ಮೇಲೆ ಬೇಕಾಗುವುದು ಯೋಜನೆ, ಅಂದಾಜು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಂಘದ ನೋಂದಣಿ, ವರ್ಷದ ಕೊನೆಯಲ್ಲಿ ಖರ್ಚಿನ ಪುರಾವೆ.

ಕೊಡುವವರ ಮನಸ್ಸಿನಲ್ಲಿರುವ ಒಂದು ಹಳೆಯ ಗಾಯವನ್ನೂ ಇಲ್ಲಿ ನೆನೆಯಬೇಕು. ಸೀಟಿಗಾಗಿ ಡೊನೇಷನ್ ಕೊಟ್ಟ ಕುಟುಂಬಗಳು ಈ ರಾಜ್ಯದಲ್ಲಿ ಕಡಿಮೆಯಿಲ್ಲ. ಅದನ್ನು ತಡೆಯಲು 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯನ್ನೇ ತರಬೇಕಾಯಿತು. ಅಂಥ ಅನುಭವವಿರುವವರು ಕಾಲೇಜಿನ ಹೆಸರಿನಲ್ಲಿ ಬರುವ ಯಾವ ಕೋರಿಕೆಯನ್ನೂ ಶಂಕೆಯಿಂದ ನೋಡಿದರೆ ತಪ್ಪು ಅವರದಲ್ಲ. ಮಗನಿಗೋ ಮಗಳಿಗೋ ಪ್ರವೇಶ ಕೋರಿರುವ ಹಳೆಯ ವಿದ್ಯಾರ್ಥಿಯಿಂದ ಆ ವರ್ಷ ದೇಣಿಗೆ ಪಡೆಯುವುದಿಲ್ಲ ಎಂಬ ನಿಯಮವನ್ನು ಸಂಘ ತನ್ನ ಬೈಲಾದಲ್ಲಿ ಬರೆದು ಪಾಲಿಸಿದರೆ, ಕೈಬಿಟ್ಟುಹೋಗುವ ಹಣಕ್ಕಿಂತ ಗಳಿಸುವ ವಿಶ್ವಾಸ ದೊಡ್ಡದು. ಅದರೊಂದಿಗೆ ಹಣ ಬಂದ ವಾರದೊಳಗೆ ರಸೀದಿ, ಆರು ತಿಂಗಳೊಳಗೆ ಬಳಕೆಯ ವಿವರ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯಾದ ಲೆಕ್ಕಪತ್ರ, ಇವು ಕೇಳದೆಯೇ ದಾನಿಯ ಫೋನಿಗೆ ಹೋಗಬೇಕು. ಕೊಟ್ಟವರಿಗೆ ಮತ್ತೆ ಕೇಳುವ ಪತ್ರಕ್ಕಿಂತ ಮೊದಲು ವಿನಿಯೋಗದ ಪತ್ರ ತಲುಪಿರಬೇಕೆಂಬ ಒಂದೇ ಕಟ್ಟಳೆಯನ್ನು ಪಾಲಿಸುವ ಸಂಘಕ್ಕೆ ಬೇರೆ ಪ್ರಚಾರ ಬೇಕಾಗುವುದಿಲ್ಲ.

ಹಣ ಕೊಡಲಾಗದವರು ಸಂಘಕ್ಕೆ ಹೊರಗಿನವರೆಂದು ತಿಳಿಯಬಾರದು. ಪದವಿ ಮುಗಿಸಿ ವರ್ಷವೂ ಆಗಿರದ ಹುಡುಗಿಯೊಬ್ಬಳು ತಾನು ಬ್ಯಾಂಕ್ ಪರೀಕ್ಷೆಯನ್ನು ಹೇಗೆ ಎದುರಿಸಿದೆನೆಂದು ಅಂತಿಮ ವರ್ಷದವರಿಗೆ ಹೇಳಿದ ಒಂದು ಗಂಟೆ, ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯುಳ್ಳದ್ದು. ಹೀಗೆ ಒಮ್ಮೆ ಕಾಲೇಜಿಗೆ ಮರಳಿ ಬಂದವರು ಮುಂದೆ ಕೈಗೆ ಹಣ ಬಂದಾಗ ತಾವಾಗಿಯೇ ಕೊಡುತ್ತಾರೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಕಾಲೇಜು ಬಿಡುವ ದಿನವೇ ಅವರ ಹೆಸರು, ಸಂಖ್ಯೆ, ಒಪ್ಪಿಗೆಗಳನ್ನು ದಾಖಲಿಸಿ ಸದಸ್ಯತ್ವ ಕೊಟ್ಟರೆ, ಇಪ್ಪತ್ತೈದು ವರ್ಷದ ನಂತರ ಅವರನ್ನು ಹುಡುಕುವ ಕಷ್ಟ ಯಾರಿಗೂ ಬರುವುದಿಲ್ಲ.

ಈ ಬರಹವನ್ನು ಓದುತ್ತಿರುವ ಪ್ರತಿಯೊಬ್ಬ ಪದವೀಧರರೂ ಒಂದಲ್ಲ ಒಂದು ಕಾಲೇಜಿನ ಹಳೆಯ ವಿದ್ಯಾರ್ಥಿಯೇ. ಅವರು ತಮ್ಮ ಕಾಲೇಜಿನ ಸಂಘಕ್ಕೆ ಈ ವಾರ ತಮ್ಮ ಈಗಿನ ವಿಳಾಸವನ್ನೂ ಫೋನ್ ಸಂಖ್ಯೆಯನ್ನೂ ಕಳುಹಿಸಲಿ, ಕಳೆದ ವರ್ಷದ ಲೆಕ್ಕಪತ್ರವನ್ನು ಕೇಳಲಿ. ಲೆಕ್ಕ ಸಿಕ್ಕರೆ ತಿಂಗಳಿಗೆ ನೂರು ರೂಪಾಯಿಯಿಂದ ಆರಂಭಿಸಲಿ, ಸಿಗದಿದ್ದರೆ ಮುಂದಿನ ಸರ್ವಸದಸ್ಯರ ಸಭೆಗೆ ಹೋಗಿ ಸಮಿತಿಯಲ್ಲಿ ಕೆಲಸ ಮಾಡಲು ತಮ್ಮ ಹೆಸರನ್ನು ಕೊಡಲಿ.